ಮ್ಯಾಲಿಂದ ನೋಡಿದರ ಹಂಗ, ಇಳದು ನೋಡಿದರ ಹಿಂಗ

ಆಕಾಶದಿಂದ ತೆಗೆದ ಚಿತ್ರ ನೋಡಿ ನೆಲದ ಸುದ್ದಿ ಹೇಳುವವರ ಬಾಳಿನಲ್ಲಿ ಗೊಂದಲಕ್ಕೆ ಮಾತ್ರ ಎಂದೂ ಬರಗಾಲ ಬರುವುದಿಲ್ಲ. ಒಂದು ಬಗೆಹರಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುತ್ತದೆ.

ನನ್ನ ಕೆಲಸ ವಿಜಯಪುರದಲ್ಲಿ. ಉಪಗ್ರಹ ಕಳಿಸಿದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದು ಹೊಲ ಯಾವುದು, ತೋಟ ಯಾವುದು, ಬೀಳು ಯಾವುದು, ಹಿಂದಿದ್ದದ್ದು ಈಗ ಏನಾಗಿದೆ ಎಂದು ಗುರುತು ಮಾಡುವುದು. ಅನುಮಾನ ಬಂದ ಕಡೆ ಜೀಪು ಹತ್ತಿ ಹೋಗಿ ಕಣ್ಣಾರೆ ನೋಡಿ ಬರುವುದು. ಜೊತೆಗೆ ನಮ್ಮ ಸಾಹೇಬರು. ಮೈಸೂರು ಕಡೆಯವರು, ಬಹಳ ಒಳ್ಳೆಯವರು, ಚಿತ್ರದಲ್ಲಿ ಕಂಡದ್ದನ್ನೆಲ್ಲ ನಂಬುವವರು. ನಮ್ಮ ಕಡೆ ಮಾತು ಮಾತ್ರ ಅವರಿಗೆ ಅರ್ಧ ತಿಳಿಯುತ್ತದೆ, ಉಳಿದರ್ಧವನ್ನು ಅವರೇ ಊಹಿಸಿಕೊಳ್ಳುತ್ತಾರೆ.

ಗ್ರಹಚಾರ

ನಮ್ಮ ಮನೆ ಜೋರಾಪುರ ಪೇಟೆಯಲ್ಲಿ. ನಾನೇನು ಕೆಲಸ ಮಾಡುತ್ತೇನೆ ಎಂಬುದು ನಮ್ಮ ಅತ್ತೆಗೆ ಪೂರ್ತಿ ತಿಳಿದಿಲ್ಲ, ಆದರೆ ಹೆಮ್ಮೆಗೆ ಕೊರತೆಯಿಲ್ಲ. ಓಣಿಯಲ್ಲೆಲ್ಲ ಹೇಳಿಬಿಟ್ಟಿದ್ದರು: "ನಮ್ಮ ಸೊಸಿ ಉಪಗ್ರಹದ ಕೆಲಸ ಮಾಡ್ತಾಳ."

ಒಂದು ಭಾನುವಾರ ಎದುರು ಮನೆಯ ಅಜ್ಜಿ ಮೊಮ್ಮಗಳ ಜಾತಕ ಹಿಡಿದುಕೊಂಡು ಬಂದು ಕೂತರು. "ಯವ್ವಾ, ಬಂದ ಬಂದ ವರ ಹೊಳ್ಳಿ ಹೋಗಾಕತ್ತಾವ. ಶನಿ ಕಾಡಾಕತ್ತಾನೋ, ರಾಹು ಕಾಡಾಕತ್ತಾನೋ, ಸ್ವಲ್ಪ ನೋಡವಾ."

ನಾನು ಅವಸರದಲ್ಲಿ, "ಅಜ್ಜಿ, ನಂದು ಗ್ರಹದ ಕೆಲಸ ಅಲ್ಲ, ಉಪಗ್ರಹದ್ದು" ಅಂದೆ.

ಅಜ್ಜಿ ಸ್ವಲ್ಪ ಯೋಚನೆ ಮಾಡಿದರು. ಆಮೇಲೆ ಜಾತಕವನ್ನು ನನ್ನ ಕೈಗೇ ತುರುಕಿ ಹೇಳಿದರು: "ಇರಲಿ ತಗೋ. ತಹಶೀಲ್ದಾರ ಸಿಗದಿದ್ರ ಉಪತಹಶೀಲ್ದಾರನ ಕಡಿಂದ ಕೆಲಸ ಮಾಡಿಸ್ಕೊಳ್ಳೂದಿಲ್ಲೇನು?"

ಕೆಂಪು ಹೊಲ

ಗಿಡಮರಗಳ ಹಸಿರು ಎಲೆ ನಮ್ಮ ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕನ್ನೂ ಹೊರಗೆ ಚೆಲ್ಲುತ್ತದೆ. ಉಪಗ್ರಹದ ಕ್ಯಾಮೆರಾಕ್ಕೆ ಅದು ಕಾಣುತ್ತದೆ. ನಾವು ಅದಕ್ಕೆ ಕೆಂಪು ಬಣ್ಣ ಕೊಟ್ಟು ನೋಡುತ್ತೇವೆ. ಹೀಗಾಗಿ ನಮ್ಮ ಚಿತ್ರದಲ್ಲಿ ಬೆಳೆ ಎಷ್ಟು ಚೆನ್ನಾಗಿರುತ್ತದೋ ಅಷ್ಟು ಕೆಂಪು.

ಇದನ್ನು ಮೊದಲೇ ಹೇಳದೆ ಬಿಜ್ಜರಗಿಯ ಒಬ್ಬ ರೈತರ ಮುಂದೆ ಚಿತ್ರ ಹಾಸಿದೆ. ಅವರು ತಮ್ಮ ಹೊಲ ಗುರುತಿಸಿದರು. ಮುಖ ಇಳಿಯಿತು.

"ಯಾಕ್ರಿ ಬಾಯಾರ, ನಂದೊಂದ ಹೊಲಕ್ಕ ಕೆಂಪ ಬಳದೀರಿ? ಸರಕಾರದ ಕಾಲುವಿಗೆ ಹೋತೇನು?"

ನೀರು ತರುತ್ತಿದ್ದ ಅವರ ಹೆಂಡತಿ ತಂಬಿಗೆ ಹಿಡಿದು ಅಲ್ಲೇ ನಿಂತಳು. "ಬಾಜೂದಾವರದು ನೀಲಿ ಐತಲ್ರಿ! ಅವರದ್ಯಾಕ ಹೋಗಂಗಿಲ್ಲ?"

ನಾನು ಗಾಬರಿಯಾಗಿ, "ಇಲ್ರಿ, ಹೊಲ ಎಲ್ಲೂ ಹೋಗಂಗಿಲ್ಲ. ನಿಮ್ಮ ಬೆಳಿ ಹಸರ ಐತಿ, ಅದಕ್ಕ ಕೆಂಪ ಕಾಣತದ. ಅವರದು ಒಣಗೇದ, ಅದಕ್ಕ ನೀಲಿ" ಅಂದೆ.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಲ ಉಳಿಯಿತು ಎಂಬ ನಿರಾಳ ಅವರ ಮುಖದಲ್ಲಿ ಕಂಡಿತು, ಆದರೆ ಈಗ ಅವರಿಗೆ ನನ್ನದೇ ಚಿಂತೆ ಹತ್ತಿಕೊಂಡಿತ್ತು. ರೈತರು ನಮ್ಮ ಜೀಪಿನ ಕಡೆ ಒಮ್ಮೆ ನೋಡಿ, ಮೆಲ್ಲಗೆ ಕೇಳಿದರು: "ಹಸರಿದ್ದದ್ದು ಕೆಂಪ ಕಾಣತದ ಅಂತೀರಿ. ವಿಜಾಪುರದಾಗ ಸಿಗ್ನಲ್‌ಗೆ ಹೆಂಗ್ ಮಾಡ್ತೀರಿ?"

ಚಾಟ್ನಿ

ಘೋಣಸಗಿಯಲ್ಲಿ ಒಂದು ಚಿತ್ರದಲ್ಲಿ ದಟ್ಟವಾಗಿದ್ದ ದ್ರಾಕ್ಷಿ ತೋಟ ಮುಂದಿನ ಚಿತ್ರದಲ್ಲಿ ಮಾಯವಾಗಿತ್ತು. ಬರೀ ಬೋಳು ನೆಲ. ನಾನು ಪೇಟೆಯಲ್ಲಿ ಬೆಳೆದವಳು, ನನಗೂ ತಲೆಬುಡ ತಿಳಿಯಲಿಲ್ಲ. ಸಾಹೇಬರು "ಪಾಪ, ರೋಗ ಬಿದ್ದಿರಬೇಕು" ಎಂದು ದಾರಿಯುದ್ದಕ್ಕೂ ಮರುಗಿದರು. ತೋಟದ ಮಾಲೀಕರ ಮುಂದೆ ಸಾವಿನ ಮನೆಗೆ ಹೋದವರ ಹಾಗೆ ಕೈಕಟ್ಟಿ ನಿಂತೇ ಕೇಳಿದರು: "ತೋಟಕ್ಕೆ ಏನಾಯ್ತು ಯಜಮಾನ್ರೇ?"

"ಏನಾಗೇತ್ರಿ? ಚಾಟ್ನಿ ಮಾಡೇವಿ."

ಸಾಹೇಬರ ಕಣ್ಣು ಅಗಲವಾದವು. "ಇಡೀ ತೋಟಾನಾ?"

"ಹೂಂನ್ರಿ. ವರ್ಷಕ್ಕ ಎರಡ ಸಲ ಮಾಡಾಕಬೇಕು."

"ಅಷ್ಟೊಂದು ಮಾಡಿ... ಮನೆಯವರೇ ತಿಂತೀರಾ?"

ಮಾಲೀಕರು ಬೆಚ್ಚಿದರು. "ನಾವ್ಯಾಕ ತಿನ್ನೂಣ್ರಿ? ಆಡು ತಿಂತಾವ."

ಸಾಹೇಬರು ನನ್ನ ಕಡೆ ತಿರುಗಿ ಪಿಸುಗುಟ್ಟಿದರು: "ಏನಮ್ಮಾ, ಈ ಕಡೆ ಆಡುಗಳಿಗೆ ಚಟ್ನಿ ಹಾಕ್ತಾರಾ?"

ಅಷ್ಟರಲ್ಲಿ ಮಾಲೀಕರು ಕತ್ತರಿ ತಂದು, ಬೋಳು ಬಳ್ಳಿಯ ಒಂದು ಕಡ್ಡಿ ಹಿಡಿದು ಕಚಕ್ ಎಂದು ಕತ್ತರಿಸಿ ತೋರಿಸಿದರು. "ಇದಕ್ಕ ಚಾಟ್ನಿ ಅಂತಾರ್ರೀ ಸಾಹೇಬರ. ಹಿಂಗ ಕಡದ್ರ ಹೊಸಾ ಚಿಗರ ಬರ್ತಾವ, ಕಡದ ತಪ್ಪಲ ಆಡು ತಿಂತಾವ." ತೋಟ ಸತ್ತಿರಲಿಲ್ಲ, ಕ್ಷೌರ ಮಾಡಿಸಿಕೊಂಡಿತ್ತು, ಅಷ್ಟೆ. ಸಾಹೇಬರು ಜೋರಾಗಿ ನಕ್ಕರು, ಎಲ್ಲ ತಿಳಿಯಿತು ಎಂದು ತಲೆಯಾಡಿಸಿದರು.

ಊಟಕ್ಕೆ ಕೂರಿಸಿದರು. ಮಾಲೀಕರ ಹೆಂಡತಿ ರೊಟ್ಟಿ ಹಾಕಿ, "ಚಟ್ನಿ ಹಾಕ್ಲೇನ್ರಿ?" ಎಂದು ಬಟ್ಟಲು ತಂದಾಗ ಸಾಹೇಬರು ತಾಟಿನ ಮೇಲೆ ಕೈ ಅಡ್ಡ ಹಿಡಿದು ಕೇಳಿದರು: "ತಾಯೀ, ಇದು ತಿನ್ನೋದಾ, ಕಡಿಯೋದಾ?"

ಬಿಳಿ ಚೌಕ

ಬಬಲೇಶ್ವರದ ಹತ್ತಿರ, ಬಿಳಿಜೋಳ ಕೊಯ್ದ ಹೊಲದ ನಟ್ಟನಡುವೆ ಒಂದು ಚಿತ್ರದಲ್ಲಿ ದೊಡ್ಡ ಬಿಳಿ ಚೌಕ ಹೊಳೆಯುತ್ತಿತ್ತು. ಹಿಂದಿನ ಚಿತ್ರದಲ್ಲಿ ಅದಿರಲಿಲ್ಲ. ಮುಂದಿನದರಲ್ಲೂ ಇಲ್ಲ. ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. "ಇಷ್ಟು ದೊಡ್ಡ ಕಟ್ಟಡ ಕಟ್ಟಿ, ಕೂಡಲೇ ಕೆಡವಿದ್ದಾರಲ್ಲಮ್ಮಾ! ಯಾಕೆ?"

ಹೋದೆವು. ಗಂಡ ಹೆಂಡತಿ ಬೇವಿನ ಗಿಡದ ಕೆಳಗೆ ಕೂತಿದ್ದರು. ಚಿತ್ರ ತೋರಿಸಿದ್ದೇ ತಡ, ಹೆಂಡತಿ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಯವ್ವಾ, ನಮ್ಮ ಮಗಳ ಮದವಿ ಹಂದರ!"

ನಾನು ಸಾಹೇಬರ ಮುಖ ನೋಡಲಿಲ್ಲ. ಅವರು ಪಟ್ಟಿಯಲ್ಲಿ 'ಕಟ್ಟಡ' ಎಂದು ಬರೆದದ್ದನ್ನು ಹೊಡೆದು ಹಾಕುತ್ತಿದ್ದ ಪೆನ್ನಿನ ಸಪ್ಪಳ ಮಾತ್ರ ಕೇಳಿಸಿತು.

"ಮ್ಯಾಲಿಂದ ನೋಡಿ ಹಂಗ ಹೊಂಟ ಬಿಟ್ರೇನ್ರಿ?" ಅಂದರು ಗಂಡ. "ಇಳದು ನಾಕ್ ತುತ್ತು ಉಂಡ ಹೋಗಬಾರದಿತ್ತಾ?"

ಹೆಂಡತಿಗೆ ಅದಕ್ಕಿಂತ ದೊಡ್ಡ ಕೆಲಸವಿತ್ತು. ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ಕೇಳಿದಳು: "ಮೇಡಂರ, ಇದರಾಗ ನಮ್ಮ ಮೈದುನ ಅದಾನೇನ ನೋಡ್ರಿ."

ಮೈದುನ ಎಂದರೆ ಅವಳ ಗಂಡನ ಚಿಕ್ಕಪ್ಪನ ಮಗ, ಪಕ್ಕದ ಹೊಲದವನು. ಬದುವಿನ ಜಗಳದ ಸಿಟ್ಟಿಗೆ ಅವನು ಮದುವೆಗೆ ಬರಲಿಲ್ಲ ಎಂದು ಇವಳು. ಬಂದಿದ್ದೆ, ಉಂಡೆ, ಗದ್ದಲದಲ್ಲಿ ಯಾರೂ ನೋಡಲಿಲ್ಲ ಎಂದು ಅವನು. ಅಂದಿನಿಂದ ಎರಡು ಮನೆಗೂ ಮಾತಿಲ್ಲ.

"ಇದರಾಗ ಹಂದರದ ಮ್ಯಾಲಿನ ಬಟ್ಟಿ ಅಷ್ಟ ಕಾಣತದವಾ. ಒಳಗ ಯಾರಿದ್ರು ಅಂತ ಕಾಣಂಗಿಲ್ಲ" ಅಂದೆ.

ಬದುವಿನ ಆಚೆ ಕಿವಿಗೊಟ್ಟು ನಿಂತಿದ್ದ ಆ ಮೈದುನ ಇದನ್ನು ಕೇಳಿದ್ದೇ ಒಂದೇ ನೆಗೆತಕ್ಕೆ ಈಚೆ ಬಂದ. "ಮೇಡಂರ, ನಾ ಬಂದಿಲ್ಲ ಅಂತ ಅದರಾಗ ಐತೇನ್ರಿ?"

"ಇಲ್ಲ..."

"ಕೇಳಿದಿ ವೈನಿ? ಉಪಗ್ರಹಾನ ಹೇಳಾಕತ್ತೈತಿ! ನಾ ಬಂದಿದ್ದೆ!"

ನಾನು ಹಾಗೆ ಹೇಳಿರಲಿಲ್ಲ. ಉಪಗ್ರಹವೂ ಹೇಳಿರಲಿಲ್ಲ. ಆದರೆ ಗಂಡ ಆಗಲೇ ತಮ್ಮನ ಹೆಗಲ ಮೇಲೆ ಕೈ ಹಾಕಿಬಿಟ್ಟಿದ್ದರು. ಸಾಹೇಬರೂ ಏನೂ ತಿಳಿಯದೆ ಖುಷಿಯಿಂದ ಅವನ ಕೈ ಕುಲುಕಿದರು. ಅತ್ತಿಗೆ ಮಾತ್ರ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು.

"ಬಾಳ ಚಲೋ ಆತಪಾ. ಬಂದಿದ್ದಿ, ಉಂಡಿದ್ದಿ. ಅವತ್ತ ಊಟಕ್ಕ ಏನ ಸಿಹಿ ಮಾಡಿದ್ವಿ, ಅದೊಂದ ಹೇಳಿಬಿಡು."

ಮೈದುನ ತಲೆಯ ಪಟಗಾ ಸರಿಮಾಡಿಕೊಂಡ. ಹೊಲ ನೋಡಿದ, ಬೇವಿನ ಗಿಡ ನೋಡಿದ. ಆಮೇಲೆ ನನ್ನ ಪಕ್ಕಕ್ಕೆ ಸರಿದು, ಚಿತ್ರದ ಮೇಲೆ ಬಗ್ಗಿ, ತುಟಿ ಅಲುಗದ ಹಾಗೆ ಅಂದ:

"ಮೇಡಂರ, ಬುಂದೇನೋ, ಮಾದಲೀನೋ... ಸ್ವಲ್ಪ ನೋಡಿ ಹೇಳ್ರಿ."