ಕೃತಜ್ಞತಾ ಭೋಜನಕ್ಕೆ ಮಾತ್ರ ಮೀಸಲಾದ ಕಾರು

ವಿಸ್ಕಾನ್ಸಿನ್ನಿನ ಎಲ್ಮ್ ಫೋರ್ಕ್ ಕಮ್ಯುನಿಟಿ ಕಾಲೇಜಿನಲ್ಲಿ ಹಣವಿಲ್ಲವೆಂದು ಯಾವ ವಿದ್ಯಾರ್ಥಿಯೂ ಓದು ಬಿಟ್ಟಿಲ್ಲ. ಬಿಟ್ಟವರೆಲ್ಲ ನಿಯಮಾನುಸಾರ ಬಿಟ್ಟಿದ್ದಾರೆ.

ನರ್ಸಿಂಗ್ ಓದುತ್ತಿದ್ದ ಮಾರ್ಲಿಸ್ ಟ್ರಾಸ್ಕ್‌ಳ ಹಳೆಯ ಕಾರು ಜನವರಿಯ ಹಿಮದಲ್ಲಿ ಕೈಕೊಟ್ಟಿತು. ಆಸ್ಪತ್ರೆಯ ತರಬೇತಿಗೆ ಎರಡು ಸಲ ಗೈರಾದರೆ ಕೋರ್ಸಿನಿಂದ ಹೊರಗೆ. ಒಂದು ಸಲ ಆಗಲೇ ಆಗಿತ್ತು. ಮಕ್ಕಳನ್ನು ಅಮ್ಮನ ಬಳಿ ಬಿಟ್ಟು, ಹೋಟೆಲಿನಲ್ಲಿ ತಟ್ಟೆ ತೊಳೆದು ಓದುತ್ತಿದ್ದವಳು ಅವಳು. ಕಾಲೇಜಿನ ದತ್ತಿ ನಿಧಿಯ ನಿರ್ದೇಶಕ ಹ್ಯಾವರ್‌ಕ್ಯಾಂಪರ ಬಳಿಗೆ ಓಡಿದಳು.

"ರಿಪೇರಿ ದುಡ್ಡು ಮಂಜೂರಾಯ್ತಮ್ಮ," ಎಂದರು ಅವರು. "ಹಳೇ ವಿದ್ಯಾರ್ಥಿಗಳು ಧಾರಾಳವಾಗಿ ಕೊಟ್ಟಿದ್ದಾರೆ. ಗುರುವಾರ ಗಾಲ್ಫ್ ಕ್ಲಬ್ಬಲ್ಲಿ ಊಟ. ಬಂದು ಅವರಿಗೊಂದು ಥ್ಯಾಂಕ್ಸ್ ಹೇಳ್ಬಿಡು, ದುಡ್ಡು ನಿಂದೇ."

"ಗುರುವಾರ ಆಸ್ಪತ್ರೆ ಇದೆ ಸರ್. ಇವತ್ತೇ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳ್ತೀನಿ."

"ಛೆ ಛೆ, ಫೋನಲ್ಲಿ ಮುಖ ಕಾಣಲ್ವಲ್ಲ."

"ಕ್ಲಬ್ಬಿಗಾದ್ರೂ ಹೇಗೆ ಬರ್ಲಿ? ಕಾರಿಲ್ಲ ಅಂತ ತಾನೇ ನಿಮ್ಮ ಹತ್ರ ಬಂದಿರೋದು?"

ಈ ಅಡಚಣೆಯನ್ನು ಕಾಲೇಜು ಮೊದಲೇ ಬಗೆಹರಿಸಿಕೊಂಡಿತ್ತು. ದಿವಂಗತ ಹಳೆಯ ವಿದ್ಯಾರ್ಥಿಯೊಬ್ಬರು ಚಾಲಕನ ಸಂಬಳವೂ ಸೇರಿದಂತೆ ಒಂದು ಕಾರಿಗೆ ದತ್ತಿ ಇಟ್ಟುಹೋಗಿದ್ದರು. ಫಲಾನುಭವಿಗಳನ್ನು ಕೃತಜ್ಞತಾ ಭೋಜನಕ್ಕೆ ಕರೆದೊಯ್ಯುವುದಕ್ಕೆ ಮಾತ್ರ ಅದನ್ನು ಬಳಸತಕ್ಕದ್ದು. ದಾನಿಯ ಇಚ್ಛೆಯನ್ನು ಯಾರೂ ಮೀರುವಂತಿಲ್ಲ.

ಗುರುವಾರ ಆ ಕಾರು ಆಸ್ಪತ್ರೆಯ ಮುಂದೆಯೇ ಹಾದುಹೋಯಿತು.

"ದಮ್ಮಯ್ಯ, ಇಲ್ಲೇ ಇಳಿಸ್ಬಿಡಿ," ಎಂದಳು ಮಾರ್ಲಿಸ್.

"ಇದು ಊಟದ ಕಾರಮ್ಮ," ಎಂದ ಚಾಲಕ. "ಇಲ್ಲಿ ಬ್ರೇಕ್ ಒತ್ತಿದ್ರೆ ನನ್ನ ಕೆಲ್ಸ ಹೋಗುತ್ತೆ."

ಭೋಜನಕೂಟದಲ್ಲಿ ಮಾರ್ಲಿಸ್ ಬಿಕ್ಕಿಬಿಕ್ಕಿ ಅತ್ತಳು. ಇಷ್ಟೊಂದು ಕೃತಜ್ಞತೆಯನ್ನು ತಾವು ಕಂಡಿರಲೇ ಇಲ್ಲವೆಂದು ದಾನಿಗಳು ಇನ್ನೊಂದು ತುಂಡು ಕೋಳಿ ಹಾಕಿಸಿಕೊಂಡರು. ಸಂಜೆ ಹಣ ಬಿಡುಗಡೆಯಾಯಿತು. ಎರಡನೇ ಗೈರಿಗಾಗಿ ಅವಳ ಹೆಸರನ್ನು ಆ ಮಧ್ಯಾಹ್ನವೇ ಹೊಡೆದುಹಾಕಿದ್ದರಿಂದ, ವಿದ್ಯಾರ್ಥಿಯಲ್ಲದವರಿಗೆ ಹಣವಿಲ್ಲವೆಂದು ಅದು ನಿಧಿಗೇ ಹಿಂತಿರುಗಿತು. ಇದು ಅನ್ಯಾಯವಾಗಿತ್ತು, ಆದರೆ ಕ್ರಮಬದ್ಧವಾಗಿತ್ತು.

ಓದು ಬಿಟ್ಟವರೂ ಹಳೆಯ ವಿದ್ಯಾರ್ಥಿಗಳೇ ಎಂಬ ನಿಯಮದ ಪ್ರಕಾರ ಮರುವಾರ ಹ್ಯಾವರ್‌ಕ್ಯಾಂಪರು ತಾವೇ ಫೋನು ಮಾಡಿದರು.

"ಅಭಿನಂದನೆ ಮೇಡಂ! ತಾವೀಗ ನಮ್ಮ ಹೆಮ್ಮೆಯ ಹಳೇ ವಿದ್ಯಾರ್ಥಿನಿ. ಏನಾದ್ರೂ ದಯಪಾಲಿಸಿ."

ಮಾರ್ಲಿಸ್‌ಗೆ ಮೈಯೆಲ್ಲ ಉರಿಯಿತು. "ತಗೊಳ್ಳಿ, ಐದು ಡಾಲರ್ ಕೊಡ್ತೀನಿ. ಆದ್ರೆ ಅದು ಗುರುವಾರ ಊಟ ಹಾಕದೇ ಇರೋದಕ್ಕೆ ಮಾತ್ರ!"

ಅವರು ಗಂಭೀರವಾಗಿ ಒಪ್ಪಿದರು. ಆಡಳಿತ ಮಂಡಳಿ ಎದ್ದುನಿಂತು ಅನುಮೋದಿಸಿತು. ಗುರುವಾರದ ಭೋಜನಗಳು ಶಾಶ್ವತವಾಗಿ ರದ್ದಾದವು, ಮತ್ತು ಈ ಉದಾತ್ತ ದಾನಕ್ಕಾಗಿ ಮಾರ್ಲಿಸ್‌ಳನ್ನು ಗೌರವಿಸಲು ಬುಧವಾರ ಭೋಜನ ಏರ್ಪಾಟಾಯಿತು.

ಅಲ್ಲಿ ಆ ವಾರದ ಫಲಾನುಭವಿ ಹುಡುಗಿಯೊಬ್ಬಳು ಅವಳ ಕೈಹಿಡಿದು, "ನಿಮ್ಮಿಂದ ತುಂಬಾ ಉಪಕಾರ ಆಯ್ತು ಮೇಡಂ," ಎಂದಳು. ಕಣ್ಣು ಮಾತ್ರ ಗೋಡೆ ಗಡಿಯಾರದ ಮೇಲಿತ್ತು.

"ಇವತ್ತು ನಿಂಗೆ ಏನಿತ್ತಮ್ಮ?" ಎಂದು ಮಾರ್ಲಿಸ್ ಮೆಲ್ಲಗೆ ಕೇಳಿದಳು.

"ಪರೀಕ್ಷೆ."

ಹುಡುಗಿ ಅಳಲಾರಂಭಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಗೌರವಾನ್ವಿತ ದಾನಿ ಸುಮ್ಮನೆ ಕೂತರೆ ಚೆನ್ನಾಗಿರುವುದಿಲ್ಲವೆಂದು ಮಾರ್ಲಿಸ್ ಕೂಡ ತಟ್ಟಿದಳು.