ವಿಶಾಲಾಕ್ಷಿಯ ಆಪ್ಷನ್ ಎಂಟ್ರಿ ದಿಗ್ವಿಜಯ

ಮೊದಲ ವಂದನೆ ವಿದ್ಯುತ್ತಿಗೆ, ಎರಡನೆಯದು ನೆಟ್‌ವರ್ಕಿಗೆ, ಆಮೇಲೆ ಗಣಪತಿಗೆ. ಕ್ರಮ ತಪ್ಪಿತೆಂದು ವಿಘ್ನೇಶ್ವರನು ಮುನಿಯದಿರಲಿ. ಮೊದಲಿನೆರಡು ಕೈಕೊಟ್ಟ ದಿನ ತನ್ನಿಂದಲೂ ಏನೂ ಆಗುವುದಿಲ್ಲವೆಂಬುದು ಅವನಿಗೇ ಗೊತ್ತು.

ಯಾವ ಯುಗದಲ್ಲಿ ವೈದ್ಯರಾಗುವವರ ಹಣೆಬರಹ ಬರೆಯುವ ಕೆಲಸವನ್ನು ಬ್ರಹ್ಮನಿಂದ ಕಸಿದು ಕಂಪ್ಯೂಟರಿಗೆ ವಹಿಸಲಾಯಿತೋ, ಯಾವ ಯುಗದಲ್ಲಿ ಕನ್ಯೆಯು ಸ್ವಯಂವರಮಂಟಪದಲ್ಲಿ ಹಾರ ಹಿಡಿದು ನಿಲ್ಲುವುದನ್ನು ಬಿಟ್ಟು, ರಾಜಕುಮಾರರ ಹೆಸರುಗಳನ್ನು ಮೇಲಿಂದ ಕೆಳಕ್ಕೆ ಬರೆದುಕೊಟ್ಟು ಮನೆಯಲ್ಲಿ ಕಾಯಬೇಕಾಯಿತೋ, ಆ ಯುಗದಲ್ಲಿ, ಹತ್ತಿಬೀಜ-ಮೆಕ್ಕೆಜೋಳ-ವಾಣಿಜ್ಯಕೋಲಾಹಲಿತವಾದ ರಾಣೆಬೆನ್ನೂರೆಂಬ ಪಟ್ಟಣದಲ್ಲಿ, ನೀಟ್‌ಪರೀಕ್ಷಾಮಹಾಸಾಗರವನ್ನು ಈಜಿ ದಡ ಸೇರಿದ, ಮಂಡೂಕೋದರರಹಸ್ಯವನ್ನು ಕಣ್ಣು ಮುಚ್ಚಿ ಹೇಳಬಲ್ಲ, ದಪ್ಪಗಾಜಿನ ಕನ್ನಡಕದೊಳಗಿಂದ ಜಗತ್ತನ್ನು ನೋಡುವ ವಿಶಾಲಾಕ್ಷಿ ಎಂಬ ವೀರಕನ್ಯೆ ಇದ್ದಳು. ಅವಳ ಕಥೆಯನ್ನು ಕೇಳುವವರು ಒಂದು ಲೋಟ ಚಹಾ ಹಿಡಿದು ಕೂತರೆ ಒಳ್ಳೆಯದು.

ಈಕೆಯ ತಂದೆ ಫಕೀರಪ್ಪನು, ಗೋಧೂಮ-ಯಾವನಾಳ-ಚೂರ್ಣ-ಧೂಸರಿತ-ಕೇಶನು. ಎಂದರೆ ಅವನಿಗೊಂದು ಹಿಟ್ಟಿನ ಗಿರಣಿ ಇತ್ತು. ಮೂವತ್ತೆಂಟರಲ್ಲಿಯೇ ಅವನು ಅರವತ್ತರವನಂತೆ ಕಾಣುತ್ತಿದ್ದದ್ದಕ್ಕೆ ಚಿಂತೆ ಕಾರಣವಲ್ಲ, ಜೋಳ. ಗಿರಣಿಯು ಮನೆಯ ಗೋಡೆಗೆ ಅಂಟಿಕೊಂಡೇ ಇತ್ತು. ಆ ಮನೆಯ ಅನ್ನ, ಬಟ್ಟೆ, ವಿಶಾಲಾಕ್ಷಿಯ ಟ್ಯೂಷನ್ನು ಎಲ್ಲವೂ ಆ ಎರಡು ಕಲ್ಲುಗಳ ನಡುವಿನಿಂದಲೇ ಬಂದದ್ದು. ಸರ್ಕಾರಿ ವೈದ್ಯಕೀಯ ಕಾಲೇಜಿನ ಫೀಸನ್ನು ಗಿರಣಿ ಹೇಗೋ ತಡೆದುಕೊಳ್ಳುತ್ತಿತ್ತು. ಖಾಸಗಿ ಕಾಲೇಜಾದರೆ ಗಿರಣಿಯನ್ನೇ ಮಾರಬೇಕಿತ್ತು.

ಮಗಳ ರ‍್ಯಾಂಕು ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ಅದಕ್ಕೆ ಹಾವೇರಿಯ ಸರ್ಕಾರಿ ಕಾಲೇಜು ಸಿಗುವಂತಿತ್ತು. ಅವಳಿಗಿಂತ ಹಿಂದಿನ ರ‍್ಯಾಂಕಿನವರಿಗೂ ಹೋದ ವರ್ಷ ಅಲ್ಲಿ ಸಿಕ್ಕಿತ್ತು. ಮನೆಯಿಂದ ಬಸ್ಸಿನಲ್ಲಿ ಹೋಗಿಬರಬಹುದು, ಹಾಸ್ಟೆಲ್ ಖರ್ಚಿಲ್ಲ, ಊಟದ ಡಬ್ಬಿ ಅವ್ವನದು. ವಿಶಾಲಾಕ್ಷಿಯ ಮನಸ್ಸು ಅಲ್ಲಿತ್ತು. ಆದರೆ ಸೀಟು ಹಂಚುವ ಮಹಾಯಂತ್ರದ ನಿಯಮ ಕ್ರೂರವಾದದ್ದು: ಬೇಕಾದ ಕಾಲೇಜುಗಳನ್ನು ಒಂದರ ಕೆಳಗೊಂದು ಬರೆದುಕೊಟ್ಟ ಪಟ್ಟಿಯನ್ನು ಅದು ಮೇಲಿನ ತುದಿಯಿಂದ ಓದುತ್ತ ಬರುತ್ತದೆ, ರ‍್ಯಾಂಕಿಗೆ ಸಿಗುವ ಮೊದಲ ಕಾಲೇಜನ್ನು ಕೈಗಿಟ್ಟು ಅಲ್ಲಿಗೇ ನಿಲ್ಲುತ್ತದೆ. ಕೆಳಗೆ ಬರೆದದ್ದನ್ನು ತಿರುಗಿಯೂ ನೋಡುವುದಿಲ್ಲ.

ಆಪ್ಷನ್ ಎಂಟ್ರಿಯೆಂಬ ಈ ಪಟ್ಟಿ ಸಲ್ಲಿಸಲು ಅಂದು ಸಂಜೆಯೇ ಕೊನೆಯ ಗಡುವು. ಮಧ್ಯಾಹ್ನದ ಹೊತ್ತಿಗೆ, ಲ್ಯಾಪ್‌ಟಾಪೆಂಬ ರಥವು ಸ್ಟೂಲೆಂಬ ರಣಭೂಮಿಯ ಮೇಲೆ ನಿಂತಿರಲು, ಹೆಬ್ಬಾಗಿಲಿನಿಂದ ಪ್ರವೇಶಿಸಿದನು ಫಕೀರಪ್ಪನ ಅಣ್ಣನಾದ ಈರಭದ್ರಪ್ಪನು: ಸಕಲವಿವಾಹಾಮಂತ್ರಣಪತ್ರಿಕಾಗ್ರಗಣ್ಯನು, ಶಾಲುಹಾರಭಾರವಿನಮ್ರಸ್ಕಂಧನು, ಊರಿನ ಯಾವ ಸಭೆಯೇ ಆಗಲಿ ಅಧ್ಯಕ್ಷಪೀಠವನ್ನು ತನ್ನ ಮನೆಯ ಆರಾಮಕುರ್ಚಿಯಂತೆ ಬಳಸುವವನು. ಫಕೀರಪ್ಪನನ್ನು ಓದಿಸಿದವನು, ಮದುವೆ ಮಾಡಿಸಿದವನು, ಗಿರಣಿಗೆ ಮೊದಲ ಮೋಟಾರು ಕೊಡಿಸಿದವನು ಅವನೇ. ಆದ್ದರಿಂದ ಅಣ್ಣನ ಮುಂದೆ ಫಕೀರಪ್ಪನ ನಾಲಿಗೆ ಹಿಟ್ಟು ತುಂಬಿದ ಜರಡಿಯಂತೆ ಕಟ್ಟಿಕೊಳ್ಳುತ್ತಿತ್ತು.

ಈರಭದ್ರಪ್ಪನು ಕೂತನು, ಗಂಟಲು ಸರಿಪಡಿಸಿಕೊಂಡನು, ಇಲ್ಲದ ಮೈಕನ್ನು ಒಮ್ಮೆ ಹತ್ತಿರಕ್ಕೆಳೆದುಕೊಂಡಂತೆ ಕೈಯಾಡಿಸಿದನು.

"ನೋಡವಾ ವಿಶಾಲಿ, ಈ ಶುಭಸಂದರ್ಭದೊಳಗ ನಾ ಎರಡು ಮಾತು ಹೇಳಬಯಸ್ತೀನಿ. ಪಟ್ಟಿ ಅಂದ್ರ ಲಗ್ನಪತ್ರಿಕಿ ಇದ್ದಂಗ. ಹಿರೇರು ಮ್ಯಾಲ, ಕಿರೇರು ಕೆಳಗ. ನಾ ಹೇಳಿದ ಖಾಸಗಿ ಕಾಲೇಜು ಐತಲ್ಲ, ಅದು ಎಲ್ಲಾರಕಿಂತ ಮ್ಯಾಲ ಇರ್ಬೇಕು. ಮಾರ್ಬಲ್ ಮೆಟ್ಟಲ, ಮುಂದ ಕಾರಂಜಿ, ಲಿಫ್ಟಿನಾಗ ಕನ್ನಡಿ. ನಮ್ಮ ಮನಿತನಕ್ಕ ಒಪ್ಪುವಂಥಾದ್ದು."

"ಅಣ್ಣಾ, ಅಲ್ಲಿ ಫೀ..." ಎಂದನು ಫಕೀರಪ್ಪ.

"ಹೆಸರು ಬರ‍್ಯಾಕ ಏನ್ ಫೀನೋ ಫಕೀರಾ? ಲಗ್ನಪತ್ರಿಕಿ ಮ್ಯಾಲ ಶಾಸಕರ ಹೆಸರು ಹಾಕ್ತೀವಿ. ಅವರು ಬರ್ತಾರೇನು? ಹಾಕೋದು ಮರ‍್ಯಾದಿಗೆ."

"ದೊಡ್ಡಪ್ಪಾ, ಇಲ್ಲಿ ಮ್ಯಾಲ ಬರದ್ರ ಅವರು ಬಂದಬಿಡ್ತಾರ್ರೀ," ಎಂದಳು ವಿಶಾಲಾಕ್ಷಿ. "ಕಂಪ್ಯೂಟರಿಗೆ ಹಿರೇರು ಕಿರೇರು ಗೊತ್ತಾಗೂದಿಲ್ಲ."

"ಗೊತ್ತಾಗೂದಿಲ್ಲಂದ್ರ ನಾವು ಕಲಿಸೋಣ," ಎಂದನು ಈರಭದ್ರಪ್ಪ. ಹಾಗೆಂದವನೇ, ಪಟ್ಟಿ ಸಲ್ಲಿಸುವಾಗ ಒಟಿಪಿ ಬರುವ ತಮ್ಮನ ಮೊಬೈಲನ್ನು "ಕಳಕೊಂಡೀರಿ" ಎಂದು ತನ್ನ ಜುಬ್ಬಾದ ಒಳಜೇಬಿಗೆ ಇಳಿಸಿದನು. ಹೀಗೆ ಬ್ರಹ್ಮಾಸ್ತ್ರವು ಯುದ್ಧ ಆರಂಭವಾಗುವ ಮೊದಲೇ ಶತ್ರುಪಾಳಯವನ್ನು ಸೇರಿತು.

ಆಗ ಹೊರಗೆ ಪಾಂಚಜನ್ಯದಂತೆ ಮೋಟಾರ್‌ಸೈಕಲ್ಲಿನ ಹಾರ್ನು ಮೊಳಗಿತು. ಬಂದವನು ವಿಶಾಲಾಕ್ಷಿಯ ಸೋದರಮಾವ ಕಲ್ಲಪ್ಪ, ಗದಗಪುರವರಾಧೀಶ್ವರನು, ಪಂಪ್‌ಸೆಟ್‌ಚಿಕಿತ್ಸಾವಿಶಾರದನು. ಅವನ ಬೆನ್ನ ಹಿಂದೆ, ಶೇಂಗಾಹೋಳಿಗೆಯ ಡಬ್ಬಿಯನ್ನು ಗದೆಯಂತೆ ಹಿಡಿದು, ಬಸ್ಸಿಳಿದು ನಡೆದುಬಂದ ಧೂಳಿನಲ್ಲಿಯೇ ಹೊಸ್ತಿಲು ದಾಟಿದಳು ಈರಭದ್ರಪ್ಪನ ತಂಗಿ ಗುರವ್ವ, ಕೊಪ್ಪಳದುರ್ಗನಿವಾಸಿನಿ. ಇಬ್ಬರ ಊರಲ್ಲಿಯೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿದ್ದವು. ಆ ಕಾಲೇಜುಗಳನ್ನು ತಾವೇ ಕಟ್ಟಿಸಿದಂತೆ ಇಬ್ಬರೂ ಮಾತಾಡುತ್ತಿದ್ದರು.

ಕಲ್ಲಪ್ಪ ಪರದೆಯನ್ನು ನೋಡಿದನು. "ಗದಗು ಎರಡನೇದ್ರಾಗ? ಏನ್ರೀ ಬೀಗರ, ಸೋದರಮಾವ ಅಂದ್ರ ಏನಂತ ತಿಳದೀರಿ? ನಾಳೆ ಲಗ್ನದಾಗ ಹುಡುಗೀನ ಎತ್ತಿಕೊಂಡು ಬರಾಂವ ನಾನು. ನಮ್ಮ ಅಟ್ಟದ ಮ್ಯಾಲಿನ ಖೋಲಿ ಸುಣ್ಣ ಹಚ್ಚಿಸಿ ಇಟ್ಟೀನಿ."

"ನೀ ಎತ್ತಿಕೊಂಡು ಬಾರಪಾ, ಆರತಿ ಬೆಳಗಾಕಿ ಯಾರು?" ಎಂದಳು ಗುರವ್ವ. "ಅತ್ತಿ ಇಲ್ದ ಯಾವ ಕಾರ್ಯ ನಡೀತೈತಿ? ಕೊಪ್ಪಳ ಮ್ಯಾಲ ತಗೋ ವಿಶಾಲಿ."

"ಕಾಲೇಜಿನಾಗ ಆರತಿ ಎಲ್ಲಿರ್ತೈತ್ರೀ ಅಕ್ಕಾರ?"

"ಖೋಲಿಗೆ ಸುಣ್ಣ ಹಚ್ಚಿದ್ರ ಡಾಕ್ಟರ್ ಆಗ್ತಾರೇನು?"

ಇನ್ನು ಆ ಸಮರವನ್ನು ಏನೆಂದು ವರ್ಣಿಸಲಿ. ವೀರಕನ್ಯೆಯ ಕೈಯಲ್ಲಿ ಮೌಸೆಂಬ ಮೂಷಕಾಸ್ತ್ರವು ಮೇಲಕ್ಕೂ ಕೆಳಕ್ಕೂ ಓಡಾಡಿತು. ಕೊಪ್ಪಳವು ಗದಗನ್ನು ತುಳಿದು ಮೇಲೇರಿತು. ಗದಗು ಕೆರಳಿ ಕೊಪ್ಪಳವನ್ನು ಕೆಳಗೆ ದೂಡಿತು. ಇಬ್ಬರ ನೆತ್ತಿಯ ಮೇಲೂ ಕಾರಂಜಿಸಹಿತವಾದ ಖಾಸಗಿ ಕಾಲೇಜು ಐರಾವತದಂತೆ ಅಲುಗದೆ ನಿಂತಿತು. ಈರಭದ್ರಪ್ಪನು ಪರದೆಗೆ ತೋರುಬೆರಳನ್ನೊತ್ತಿ "ಇದು ಇಲ್ಲೇ ಇರ್ಲಿ" ಎಂದು ಅಪ್ಪಣೆ ಕೊಟ್ಟನು. ಹೋಳಿಗೆ ತಿಂದ ಬೆರಳಾದ್ದರಿಂದ ಅಲ್ಲಿ ತುಪ್ಪದ ಮುದ್ರೆ ಬಿತ್ತು. ಸಾಹುಕಾರರ ಹಸ್ತಾಕ್ಷರದಂತೆ ಕಂಡ ಅದನ್ನು ಒರೆಸುವ ಧೈರ್ಯ ಯಾರಿಗೂ ಆಗಲಿಲ್ಲ.

ಹಾವೇರಿಯು ಎಲ್ಲಕ್ಕಿಂತ ಕೆಳಗೆ, ಮದುವೆಮನೆಯಲ್ಲಿ ಪಂಕ್ತಿ ಸಿಗದೆ ಕಂಬಕ್ಕೊರಗಿ ನಿಂತವರ ಹಾಗೆ ನಿಂತಿತ್ತು. ಆ ಊರಲ್ಲಿ ಈ ವಂಶದವರು ಒಬ್ಬರೂ ಇರಲಿಲ್ಲ. ಅದರ ಪರವಾಗಿ ಮಾತಾಡುವವರಾರು?

ವಿಶಾಲಾಕ್ಷಿ ಅಪ್ಪನ ಮುಖ ನೋಡಿದಳು. ಫಕೀರಪ್ಪ ಎದ್ದು, "ಬೆಲ್ಟ್ ಬಿಸಿ ಆಗೈತೇನೋ ನೋಡ್ತೀನಿ" ಎಂದು ಗಿರಣಿಗೆ ಹೋದನು. ಬೆಲ್ಟು ಓಡುತ್ತಲೇ ಇರಲಿಲ್ಲ. ಅಂದು ಬೆಳಿಗ್ಗೆ ಹರಿಹರದ ಕಡೆಯಿಂದ ಒಬ್ಬಾತ ಬಂದು ಗಿರಣಿಯ ಕಲ್ಲುಗಳನ್ನು ಬೆರಳಗಂಟಿನಿಂದ ಕುಟ್ಟಿ ನೋಡಿ, ಮೋಟಾರಿನ ವಯಸ್ಸು ಕೇಳಿ ಹೋಗಿದ್ದನ್ನು ವಿಶಾಲಾಕ್ಷಿ ಕಂಡಿದ್ದಳು. ಅಪ್ಪ ಅದನ್ನು ಅವಳಿಂದ ಮುಚ್ಚಿಟ್ಟಿದ್ದ. ಅಣ್ಣನಿಗೆ ಬೇಡವೆನ್ನಲಾರದವನು ಗಿರಣಿಯನ್ನು ಮಾರಿಯೇ ಬಿಡುತ್ತಾನೆಂದು ಅವಳಿಗೆ ತಿಳಿದಿತ್ತು. ಅವಳು ಕನ್ನಡಕ ತೆಗೆದು ಒರೆಸಿದಳು. ಗಾಜು ಸ್ವಚ್ಛವಾಗಿಯೇ ಇತ್ತು.

ಇದೆಲ್ಲವನ್ನೂ ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದವಳು ಗಿರಿಜವ್ವ, ವಿಶಾಲಾಕ್ಷಿಯ ತಾಯಿ. ಈಕೆಗೆ ಬಿರುದುಗಳಿಲ್ಲ; ಕೊಡಲು ಯಾರಿಗೂ ಪುರುಸೊತ್ತಾಗಿರಲಿಲ್ಲ. ಚಹಾದ ಕಪ್ಪುಗಳ ತಟ್ಟೆ ಹಿಡಿದು ಬಂದಳು, ಭಾವನಿಗೆ ಮೊದಲು ಕೊಟ್ಟಳು, ಸೆರಗು ಸರಿಮಾಡಿಕೊಂಡು ಕೇಳಿದಳು.

"ಭಾವಾರ, ಮೊನ್ನಿ ಸಂಘದ ಕಾರ್ಯಕ್ರಮದಾಗ ನಿಮ್ಮ ಭಾಷಣ ಎಷ್ಟೊತ್ತಿಗಿತ್ರೀ?"

"ಕಡೀಗೆ. ಅಧ್ಯಕ್ಷರ ಭಾಷಣ ಯಾವಾಗ್ಲೂ ಕಡೀಗೇ ಇರ್ತೈತೆವಾ."

"ಮೊದಲಿಗೆ ಮಾತಾಡಿದಾಂವ ಯಾರ‍್ರೀ?"

"ಸ್ವಾಗತ ಮಾಡಾಂವ. ಅದರಕಿಂತ ಮೊದಲು ಮೈಕಿನಾಂವ, ಹಲೋ ಹಲೋ ಅಂತ."

"ಮತ್ತ ನಿಮ್ಮ ಕಾಲೇಜನ್ನ ಮೈಕಿನವನ ಜಾಗದಾಗ ಯಾಕ ನಿಲ್ಲಿಸೀರಿ?"

ಚಹಾದ ಕಪ್ಪು ತುಟಿಯ ಹತ್ತಿರವೇ ನಿಂತಿತು. ಈರಭದ್ರಪ್ಪನ ಮುಖದ ಮೇಲೆ ತಾನು ಇಷ್ಟೊತ್ತು ಸಹಿಸಿದ ಅವಮಾನದ ಅರಿವು ನಿಧಾನವಾಗಿ ಹರಡಿತು.

"ವಿಶಾಲಿ," ಎಂದನು ಗಂಭೀರವಾಗಿ. "ಅದನ್ನ ಕೆಳಗ ತಗೀ. ಎಲ್ಲಾರಕಿಂತ ಕೆಳಗ."

ಮೂಷಕಾಸ್ತ್ರವು ಮಿಂಚಿನಂತೆ ಚಲಿಸಿತು. ಐರಾವತವು ಪಾತಾಳಕ್ಕಿಳಿಯಿತು.

"ಅರೆ, ಈಗ ಮ್ಯಾಲ ಉಳದದ್ದು ಗದಗು," ಎಂದು ಕಲ್ಲಪ್ಪ ಹೌಹಾರಿದನು. "ಹಲೋ ಹಲೋ ಅನ್ನಾಕ ನಾ ಸಿಕ್ಕೆನೇನು? ನಂದು ಬೀಗರ ಹಿಂದ ಹಾಕು."

"ಹಿಂದ ಅಂದ್ರ?" ಎಂದಳು ವಿಶಾಲಾಕ್ಷಿ.

"ಅಂದ್ರ ಅವರಕಿಂತ ಒಂದ ಮೆಟ್ಟಲ ಮ್ಯಾಲ. ಮುಖ್ಯ ಅತಿಥಿ ಇರ್ತಾನಲ್ಲ ಅಲ್ಲಿ."

"ನಾ ಎಲ್ಲಿ ಹೋಗ್ಲಿ?" ಎಂದಳು ಗುರವ್ವ. ತುಸು ಯೋಚಿಸಿದಳು. "ಅಧ್ಯಕ್ಷರ ಭಾಷಣ ಆದಮ್ಯಾಲೂ ಒಂದು ಇರ್ತೈತಿ. ವಂದನಾರ್ಪಣಿ. ನಂದು ಅಲ್ಲಿ ಹಾಕು."

"ವಂದನಾರ್ಪಣಿ ಹೊತ್ತಿಗೆ ಮಂದಿ ಚಪ್ಪಲಿ ಹುಡುಕ್ತಿರ್ತಾರ ಗುರವ್ವಾ," ಎಂದನು ಈರಭದ್ರಪ್ಪ.

"ಹುಡುಕ್ಲೆಪಾ. ಕಡೀ ಮಾತು ನಂದು."

ಹೀಗೆ, ಕ್ಷಣಕಾಲದ ಹಿಂದೆ ತುದಿಯೇರಲು ಪರಸ್ಪರರ ಹೆಗಲು ತುಳಿಯುತ್ತಿದ್ದ ವೀರರು, ಈಗ ತಳ ಸೇರಲು ಅಷ್ಟೇ ಪರಾಕ್ರಮದಿಂದ ಕಾದಾಡಿದರು. ಕೊಪ್ಪಳ ತಳಕ್ಕೆ ಹೋಯಿತು, ಕಾರಂಜಿ ಅದರ ತಲೆಯ ಮೇಲೆ ಕೂತಿತು, ಗದಗು ಕಾರಂಜಿಯ ಮೇಲೆ. ತುದಿಯಲ್ಲಿ ಮಾತ್ರ, ಎಲ್ಲರೂ ಬಿಟ್ಟುಹೋದ ಸಿಂಹಾಸನದಲ್ಲಿ, ಒಂದೇ ಹೆಸರು ಉಳಿಯಿತು.

"ಹಾವೇರಿ ಯಾರದು?" ಎಂದನು ಈರಭದ್ರಪ್ಪ.

"ಯಾರದೂ ಅಲ್ರೀ," ಎಂದಳು ಗಿರಿಜವ್ವ.

"ಹಂಗಾರ ಇರ್ಲಿ. ಹಲೋ ಹಲೋ ಅನ್ನಾಕ ಯಾರರ ಒಬ್ರು ಬೇಕಲ್ಲ."

ವಿಶಾಲಾಕ್ಷಿ ಸಲ್ಲಿಸುವ ಗುಂಡಿಯನ್ನೊತ್ತಿದಳು. ಈರಭದ್ರಪ್ಪನ ಎದೆಯಲ್ಲಿ, ಸರಿಯಾಗಿ ಹೇಳುವುದಾದರೆ ಜುಬ್ಬಾದ ಒಳಜೇಬಿನಲ್ಲಿ, ಬ್ರಹ್ಮಾಸ್ತ್ರವು ಟಿಂಗೆಂದಿತು. ಅವನು ಮೊಬೈಲನ್ನು ತೋಳುದ್ದ ಹಿಡಿದು, ಕಣ್ಣು ಕಿರಿದುಗೊಳಿಸಿ, ದೇಣಿಗೆ ಕೊಟ್ಟವರ ಹೆಸರು ಓದುವ ಧಾಟಿಯಲ್ಲಿ ಒಂದೊಂದೇ ಅಂಕೆಯನ್ನು ಘೋಷಿಸಿದನು. ಪರದೆಯ ಮೇಲೆ ಹಸಿರು ಗೆರೆಯೊಂದು ಮೂಡಿತು. ಗಿರಿಜವ್ವ ಖಾಲಿ ಕಪ್ಪುಗಳನ್ನೆತ್ತಿಕೊಂಡು ಒಳಗೆ ಹೋಗಿ, ಗೋಡೆಯನ್ನು ಎರಡು ಬಾರಿ ತಟ್ಟಿದಳು. ಆ ಕಡೆ ಗಿರಣಿಯಲ್ಲಿ ಸುಮ್ಮನೆ ಕೂತಿದ್ದ ಫಕೀರಪ್ಪನಿಗೆ ಅದು ಕೇಳಿಸಿರಬೇಕು; ಸ್ವಲ್ಪ ಹೊತ್ತಿಗೆ ಮೋಟಾರು ಶುರುವಾಯಿತು.

ಮಹಾಯಂತ್ರವು ತನ್ನ ಮಾತಿಗೆ ತಪ್ಪಲಿಲ್ಲ. ತುದಿಯಿಂದ ಓದಿತು, ಹಾವೇರಿಯಲ್ಲಿಯೇ ನಿಂತಿತು. ಈರಭದ್ರಪ್ಪನು ಮುಂದೆ ಹಲವು ಸಭೆಗಳಲ್ಲಿ, ತನ್ನ ಆಯ್ಕೆಗೆ ಆ ಪಟ್ಟಿಯಲ್ಲಿ ಎಂಥ ಗೌರವದ ಸ್ಥಾನ ಸಂದಿತ್ತೆಂಬುದನ್ನು ವಿವರಿಸಿದನು. ಆದರೂ ಸಿಗದೇ ಹೋದದ್ದು ಕಾಲಮಹಿಮೆ ಎಂದನು. ಜನ ಚಪ್ಪಾಳೆ ತಟ್ಟಿದರು.

ಫಲಿತಾಂಶ ಬಂದ ಮರುದಿನ ಫಕೀರಪ್ಪನು ದಿಗ್ವಿಜಯಿಯ ತಂದೆಯಾಗಿ, ಎದೆಯುಬ್ಬಿಸಿ, ಕಿವಿಯ ಮೇಲೂ ಹಿಟ್ಟು ಹೊತ್ತು ಗಿರಣಿಯಲ್ಲಿ ನಿಂತಿದ್ದನು. ಪಕ್ಕದ ಓಣಿಯ ನೀಲವ್ವ ಒಣಮೆಣಸಿನಕಾಯಿಯ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟಳು.

"ಮಗಳಿಗೆ ಎಲ್ಲಿ ಸಿಕ್ತಂತಪಾ ಕಾಲೇಜು?"

"ಹಾವೇರ‍್ಯಾಗ ಸಿಕ್ತಬೇ."

"ಹಾವೇರಿನಾ?" ನೀಲವ್ವ ಮುಂದೇನೋ ಬರುತ್ತದೆಂದು ತುಸು ಕಾದಳು. ಏನೂ ಬರಲಿಲ್ಲ. "ನಮ್ಮ ಮನಿಯವರು ದಿನಾ ಹೋಗಿ ಬರ್ತಾರಲ್ಲೋ ಅಲ್ಲಿಗೆ. ಹೋಗ್ಲಿ ಬಿಡು. ಖಾರ ಸಣ್ಣಗ ಬೀಸು, ಮೊನ್ನಿ ದಪ್ಪ ಆಗಿತ್ತು."

ಫಕೀರಪ್ಪ ಸೀನಿದನು, ಡಬ್ಬಿಯನ್ನು ಕಲ್ಲಿನ ಬಾಯಿಗೆ ಸುರಿದನು.