ನಿಂಬೆ ಕುಂಡದ ಕರಡಿ ಟೋಪಿ

ಎರಡು ಕಡ್ಡಿ, ಒಂದು ಉಂಡೆ ಉಣ್ಣೆ ನೂಲು. ಇದರಲ್ಲಿ ಹೆದರುವಂಥದ್ದು ಏನಿದೆ ಹೇಳಿ! ನಾಲ್ಕು ವರ್ಷದ ಹಿಂದೆ ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಹೆಣಿಗೆ ಕಲಿಯಲು ಕೂತಾಗ ನಾನು ಅಂದುಕೊಂಡದ್ದು ಇಷ್ಟೇ. ಕೆಲವರು ಪಾರಿವಾಳ ಸಾಕುತ್ತಾರೆ, ಕೆಲವರು ಇಸ್ಪೀಟು ಆಡುತ್ತಾರೆ, ಕೆಲವರು ಗ್ರಾಮ ಪಂಚಾಯ್ತಿ ಚುನಾವಣೆಗೆ ನಿಲ್ಲುತ್ತಾರೆ. ಇವೆಲ್ಲಕ್ಕಿಂತ ಹೆಣಿಗೆ ಸುರಕ್ಷಿತವಾದ ಹವ್ಯಾಸವೆಂದು ನಾನು ಮನಸಾರೆ ನಂಬಿದ್ದೆ.

ನಾನು ಸತ್ತೇಗಾಲದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮನೆ ಕೊಳ್ಳೇಗಾಲದಲ್ಲಿ. ನಮ್ಮೂರಿನ ಹೆಸರು ಹೇಳಿದರೆ ಸಾಕು, ದೂರದ ಊರಿನವರು ಮಾಟ ಮಂತ್ರ ಎಂದು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ. ಮದುವೆಮನೆಗಳಲ್ಲಿ ನನ್ನ ಪಕ್ಕದ ಎಲೆ ಖಾಲಿ ಉಳಿದದ್ದೂ ಉಂಟು. ಈ ಅಪಕೀರ್ತಿಯನ್ನು ತೊಡೆದುಹಾಕುವುದೇ ನನ್ನ ಬಾಳಿನ ಧ್ಯೇಯವಾಗಿತ್ತು. ಪ್ರತಿ ವರ್ಷ ಸೂಜಿ ಚುಚ್ಚಿದ ನಿಂಬೆಹಣ್ಣನ್ನು ಮೇಜಿನ ಮೇಲಿಟ್ಟು, ಕೊಯ್ದು, ಪಾನಕ ಮಾಡಿ, ಮಕ್ಕಳೆದುರು ಗಟಗಟನೆ ಕುಡಿದು ತೋರಿಸುವ ಧೀರ ನಾನು.

ಹೆಣಿಗೆಯಲ್ಲಿ ಮಾತ್ರ ನನ್ನ ಸಾಧನೆ ಅಷ್ಟಕ್ಕಷ್ಟೆ. ಮೊದಲು ಹೆಂಡತಿ ಗೌರಮ್ಮನಿಗೆ ಒಂದು ಸ್ವೆಟರ್ ಹೆಣೆದೆ. ಅದರ ಎಡತೋಳು ಮೊಣಕೈಗೆ ನಿಂತಿತು, ಬಲತೋಳು ಮೊಣಕಾಲಿಗೆ ಇಳಿಯಿತು. ಅದನ್ನು ಈಗ ಮಿಕ್ಸಿಗೆ ಹೊದಿಸಿದ್ದಾಳೆ. ಆಮೇಲೆ ಒಂದು ಮಫ್ಲರ್ ಹೆಣೆದೆ. ಕೊಳ್ಳೇಗಾಲದ ಬಿಸಿಲಿಗೆ ಮಫ್ಲರ್ ಸುತ್ತಿಕೊಂಡರೆ ಆಸ್ಪತ್ರೆಗೆ ಸೇರಿಸುತ್ತಾರಷ್ಟೆ. ಆದ್ದರಿಂದ ಅದನ್ನು ಹಾಕಿಕೊಳ್ಳಲೆಂದೇ ಯಳಂದೂರು ದಾಟಿ ಬಿಳಿಗಿರಿರಂಗನ ಬೆಟ್ಟಕ್ಕೆ ಹೋದೆವು. ಅಂದು ಅಲ್ಲಿಯೂ ಸೆಕೆ!

ಇಷ್ಟರಲ್ಲಿ ಮಗಳು ಸೌಮ್ಯ ಚೊಚ್ಚಲ ಹೆರಿಗೆಗೆ ಮನೆಗೆ ಬಂದಳು. ಅವಳ ಗಂಡನ ಮನೆ ಹನೂರು. ಅವಳಿಗೆ ಎಂಟನೇ ತಿಂಗಳು. ನನ್ನ ಕೈ ಕಡಿಯತೊಡಗಿತು. ತಾತನಾಗುವವನು ಹೆಣಿಗೆ ಬಲ್ಲವನಾಗಿದ್ದೂ ಕೂಸಿಗೆ ಅಂಗಡಿಯ ಟೋಪಿ ಹಾಕುವುದೆ?

"ಒಂದು ಟೋಪಿ ಹೆಣೀಲಾ?" ಎಂದು ಗೌರಮ್ಮನನ್ನು ಕೇಳಿದೆ.

ಅವಳು ಒಗ್ಗರಣೆಯ ಸೌಟನ್ನು ಹಾಗೇ ಎತ್ತಿ ಹಿಡಿದು ತಿರುಗಿದಳು. "ಹುಟ್ಟೋಕೆ ಮುಂಚೆ ಕೂಸಿಗೆ ಬಟ್ಟೆ ಬರೆ ಮಾಡ್ತಾರೇನ್ರಿ? ಏನಾದ್ರು ಹೆಚ್ಚುಕಮ್ಮಿ ಆದ್ರೆ? ಹೆತ್ತಾದ ಮೇಲೆ ಹಳೇ ಸೀರೇಲಿ ಸುತ್ತೋದು ನಮ್ ಪದ್ಧತಿ. ಆ ಕಡ್ಡಿ ಮುಟ್ಟಿದ್ರೋ, ನೋಡಿ ಮತ್ತೆ! ಬೀಗಿತ್ತಿ ಹತ್ರ ಬೇರೆ ನಮ್ ಮನೇಲಿ ಶಾಸ್ತ್ರ ತಪ್ಪಲ್ಲ ಅಂತ ಹೇಳ್ಕೊಂಡಿದೀನಿ."

ಮೂಢನಂಬಿಕೆ! ಒಬ್ಬ ವಿಜ್ಞಾನದ ಮೇಷ್ಟ್ರು ಇದಕ್ಕೆ ತಲೆಬಾಗಲಾದೀತೆ? ಖಂಡಿತ ಇಲ್ಲ. ಆದ್ದರಿಂದ ಹೆಂಡತಿಗೆ ಕಾಣದ ಹಾಗೆ ಹೆಣೆಯಲು ತೀರ್ಮಾನಿಸಿದೆ.

ರೇಷ್ಮೆಯ ಊರಿನಲ್ಲಿ ಉಣ್ಣೆ ನೂಲು ಕೇಳಿದರೆ ಅಂಗಡಿಯವರು ನಮ್ಮ ಹಣೆ ಮುಟ್ಟಿ ನೋಡುವುದೊಂದು ಬಾಕಿ. ಕೊನೆಗೆ ಒಂದು ಅಂಗಡಿಯ ಅಟ್ಟದ ಮೇಲೆ ಕಡುಗೆಂಪು ಬಣ್ಣದ ಉಂಡೆಯೊಂದು ಸಿಕ್ಕಿತು. ನಾನು ಆರಿಸಿಕೊಂಡದ್ದು ಕರಡಿ ಟೋಪಿ. ನೆತ್ತಿಯಿಂದ ಶುರುಮಾಡಿ ಕೆಳಕ್ಕೆ ಇಳಿಸುತ್ತ ಬರಬೇಕು. ಉರುಟಾಗಿ ಹೆಣೆಯಲು ಎರಡು ಕಡ್ಡಿ ಸಾಲದು, ಎರಡೂ ತುದಿ ಚೂಪಾಗಿರುವ ಐದು ಉಕ್ಕಿನ ಕಡ್ಡಿ ಬೇಕು. ನೆತ್ತಿ ಮುಗಿಯಿತು. ಎರಡು ಕಿವಿ ಮೂಡಿದವು. ಉತ್ಸಾಹ ತಡೆಯಲಾಗದೆ ನನ್ನ ಹಳೆಯ ಕೋಟಿನ ಎರಡು ಕಪ್ಪು ಗುಂಡಿ ಕಿತ್ತು ಕಣ್ಣನ್ನೂ ಹೊಲಿದುಬಿಟ್ಟೆ. ಕೆಂಪು ತಲೆ, ಕಪ್ಪು ಕಣ್ಣು, ಕತ್ತಿನ ಸುತ್ತ ಚಾಚಿಕೊಂಡ ಉಕ್ಕಿನ ಕಡ್ಡಿಗಳು. ನನ್ನ ಕಣ್ಣಿಗೆ ಮುದ್ದಾಗಿಯೇ ಕಾಣುತ್ತಿತ್ತು.

ಆ ಭಾನುವಾರ ಬೆಳಿಗ್ಗೆ ಗೌರಮ್ಮ ತರಕಾರಿಗೆ ಹೋಗಿದ್ದಳು. ಸೌಮ್ಯ ಒಳಗೆ ಮಲಗಿದ್ದಳು. ನಾನು ಧೈರ್ಯವಾಗಿ ಜಗಲಿಗೇ ಬಂದು ಹೆಣೆಯುತ್ತ ಕೂತೆ. ಗೇಟಿನ ಮುಂದೆ ಕಾರು ನಿಂತಿತು. ತಲೆ ಎತ್ತಿ ನೋಡಿದರೆ ಹನೂರಿನ ಬೀಗರು ಪುಟ್ಟಮಾದಪ್ಪ, ಅವರ ಹಿಂದೆ ಬೀಗಿತ್ತಿ ಶಿವಮ್ಮ! ಅಮಾವಾಸ್ಯೆಯೆಂದು ಮಾದೇಶ್ವರನ ಬೆಟ್ಟಕ್ಕೆ ಹೋಗಿದ್ದವರು ಸೊಸೆಗೆ ಪ್ರಸಾದ ಕೊಡಲು ಹೇಳದೆ ಕೇಳದೆ ಬಂದಿಳಿದಿದ್ದರು.

ಶಾಸ್ತ್ರ ತಪ್ಪದ ಮನೆಯ ಯಜಮಾನನ ಕೈಯಲ್ಲಿ ಹುಟ್ಟದ ಕೂಸಿನ ಟೋಪಿ! ಪಕ್ಕದಲ್ಲಿ ನಿಂಬೆ ಗಿಡದ ಕುಂಡವಿತ್ತು. ಟೋಪಿಯನ್ನು ಅದರ ಬುಡಕ್ಕೆ ತುರುಕಿ, ಎರಡು ಹಿಡಿ ಮಣ್ಣು ಎಳೆದು, ಕೈ ಒರೆಸಿಕೊಂಡು, "ಬನ್ನಿ ಬನ್ನಿ" ಎಂದು ಎದ್ದು ನಿಂತೆ. ಈಗ ನೀವೇ ಲೆಕ್ಕ ಹಾಕಿ. ಅಮಾವಾಸ್ಯೆ. ಗರ್ಭಿಣಿ ಇರುವ ಮನೆ. ನಿಂಬೆ ಗಿಡದ ಬುಡ. ಅರ್ಧ ಮಣ್ಣಲ್ಲಿ ಹೂತ ಕೆಂಪು ತಲೆ, ಅದಕ್ಕೆ ಚುಚ್ಚಿದ ಐದು ಕಡ್ಡಿ. ಇದೆಲ್ಲ ಈಗ ಹೊಳೆಯುತ್ತಿದೆ. ಆಗ ಹೊಳೆಯಲಿಲ್ಲ.

"ಸೌಮ್ಯಂಗೆ ಒಸಿ ನಿಂಬೆ ಪಾನಕ ಮಾಡ್ಕೊಡ್ತೀನಿ ಕಣ್ರಿ, ಸುಸ್ತಾಗಿರ್ತಳೆ ಮಗ" ಎನ್ನುತ್ತ ಶಿವಮ್ಮನವರು ಹಣ್ಣು ಕೀಳಲು ನೇರವಾಗಿ ಕುಂಡಕ್ಕೇ ಕೈ ಹಾಕಿದರು.

ಅವರು ಕಿರುಚಿದ ಸದ್ದಿಗೆ ಎದುರು ಮನೆಯ ತೆಂಗಿನ ಮರದ ಕಾಗೆಗಳೆಲ್ಲ ಎದ್ದವು.

"ಅಯ್ಯೋ ಬೆಟ್ಟದ ಮಾದಪ್ಪಾ! ಮಾಟ ಮಡಗವ್ರೆ! ಕೂಸಿನ ತಲೇನೇ ಮಾಡಿ ಮಡಗವ್ರೆ!"

ಹೇಳಬೇಕಾದ ಕ್ಷಣ ಅದೇ. "ಅಮ್ಮಾವ್ರೆ, ಅದು ನನ್ನ ಟೋಪಿ" ಎಂದು ನಕ್ಕುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು ನೆಲಕ್ಕೆ ಕೈ ಬಡಿದು, "ಇದ ಮಾಡ್ದೋನ ಕೈ ಸೇದೋಗ! ಅವನ್ ಕಣ್ಣು ಇಂಗೋಗ!" ಎಂದು ಶಪಿಸಿದರು. ನಾನು ಬಾಯಿ ಮುಚ್ಚಿದೆ. ಬಲಗೈಯ ಬೆರಳುಗಳು ಯಾಕೋ ಜೋಮು ಹಿಡಿದಂತಾದವು.

ಗದ್ದಲ ಕೇಳಿ ಸೌಮ್ಯ ಒಳಗಿನಿಂದ, "ಏನತ್ತೆ ಅದು?" ಎಂದಳು. ಅವಳು ಒಂದು ಸಲ ನೋಡಿದ್ದರೆ ಅಪ್ಪನ ಕೈಕೆಲಸವೆಂದು ಹೇಳಿಬಿಡುತ್ತಿದ್ದಳು. ಆದರೆ ಶಿವಮ್ಮನವರು, "ನೀ ನೋಡ್ಬಾರ್ದು ಮಗ, ಈಚೆಗೆ ಬರ್ಬೇಡ!" ಎಂದು ಕೋಣೆಯ ಬಾಗಿಲು ಎಳೆದು ಚಿಲಕ ಹಾಕಿಬಿಟ್ಟರು.

ಪುಟ್ಟಮಾದಪ್ಪನವರು ಗಾಬರಿಯಾಗದ ಮನುಷ್ಯ. ಶಾಂತವಾಗಿ ಫೋನ್ ತೆಗೆದು, ಮಾಟ ತೆಗೆಯುವವರೊಬ್ಬರಿಗೆ ಕರೆ ಮಾಡಿ, ವಿಷಯ ಹೇಳಿ, ನನಗೂ ಕೇಳಲೆಂದು ಸ್ಪೀಕರ್ ಹಾಕಿದರು. ಆ ಕಡೆಯಿಂದ ನಿಧಾನವಾದ ದಪ್ಪ ದನಿ ಬಂತು.

"ಇದು ಈಚೆಯವರ ಕೆಲ್ಸ ಅಲ್ಲ ಕಣಪ್ಪ. ಮನೆ ಒಳ್ಗೇ ಅವ್ರೆ."

ನನಗೆ ನೀರು ಕುಡಿಯಬೇಕೆನಿಸಿತು.

"ಗಂಡಸು."

ನಾನು ತೆಂಗಿನ ಮರದ ಕಡೆ ನೋಡತೊಡಗಿದೆ.

"ವಯಸ್ಸಾದೋನು. ಕನ್ನಡಕ ಆಕ್ತಾನೆ."

ನಾನು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡೆ!

ಸತ್ಯ ಹೇಳುತ್ತೇನೆ, ಇಪ್ಪತ್ತೆಂಟು ವರ್ಷ ಪಾಠ ಹೇಳಿದ ನನ್ನ ವಿಜ್ಞಾನವೆಲ್ಲ ಆ ಮೂರು ಮಾತಿಗೆ ಆವಿಯಾಯಿತು. ಇವನಿಗೆ ಹೇಗೆ ಗೊತ್ತಾಯಿತು? ಗೊತ್ತಾಗುವುದೇ ನಿಜವಾದರೆ ಉಳಿದದ್ದೂ ನಿಜವಿರಬೇಕಲ್ಲವೇ? ಹುಟ್ಟುವ ಮುಂಚೆ ಹೆಣೆದ ಟೋಪಿಯಿಂದ ಕೂಸಿಗೆ ನಿಜಕ್ಕೂ ಏನಾದರೂ ಆದರೆ? ನನ್ನ ಹುಚ್ಚಿನಿಂದ, ನನ್ನ ಕೈಯಿಂದ? ಕೂರೋಣವೆಂದು ಹಿಂದೆ ಸರಿದವನು ಕನ್ನಡಕವಿಲ್ಲದೆ ಕುರ್ಚಿ ಕಾಣದೆ, ಬೀಗರು ತಂದಿದ್ದ ಹಲಸಿನ ಹಣ್ಣಿನ ಮೇಲೆ ಕೂತೆ.

"ನೋಡ್ರೀ, ಮಾಟ ಮೇಷ್ಟ್ರುನೂ ಇಡ್ಕೊಂತು!" ಎಂದರು ಶಿವಮ್ಮ. "ಏಳ್ರೀ, ಈ ಮನೇಲಿ ಒಂದ್ ಗಳ್ಗೆನೂ ಇರ್ಬಾರ್ದು. ಸೌಮ್ಯನ ಈಗ್ಲೇ ಅನೂರ್ಗೆ ಕರ್ಕೊಂಡೋಗನ. ಎರಿಗೆ ಅಲ್ಲೇ ಆಗ್ಲಿ."

ಆಗ ನನಗೆ ನಿಜವಾದ ಭಯ ಹುಟ್ಟಿತು. ಮೊದಲಿನದೆಲ್ಲ ಅದರ ಮುಂದೆ ಆಟ. ಎಂಟು ತಿಂಗಳ ಬಸುರಿಯನ್ನು ಕಾರಿನಲ್ಲಿ ಕೂರಿಸಿ, ಗುಂಡಿ ಬಿದ್ದ ರಸ್ತೆಯಲ್ಲಿ ಹನೂರಿನವರೆಗೆ! ವೈದ್ಯರು ಓಡಾಟ ಬೇಡವೆಂದು ಆ ವಾರವಷ್ಟೇ ಹೇಳಿದ್ದರು. ಕೋಣೆಯೊಳಗೆ ಸೌಮ್ಯ ಅಳುತ್ತಿದ್ದಳು. "ನಾನು ಎಲ್ಲೂ ಹೋಗಲ್ಲ ಅತ್ತೆ. ಅಪ್ಪಾ, ಹೇಳಪ್ಪಾ ನೀನಾದ್ರು." ಮಗಳು ಹೇಳಪ್ಪಾ ಅಂದಮೇಲೆ ಕೈ ಸೇದಿಹೋದರೂ ಹೋಗಲಿ ಎನಿಸಿತು.

ಹಲಸಿನ ಹಣ್ಣಿನ ಮೇಲಿಂದ ಎದ್ದೆ. "ಬೀಗರೆ, ಅದು ಮಾಟ ಅಲ್ಲ. ಟೋಪಿ. ಹೆಣೆದವನು ನಾನು."

ಇಬ್ಬರೂ ನನ್ನನ್ನು ನೋಡಿದರು. ಪುಟ್ಟಮಾದಪ್ಪನವರ ಕಣ್ಣು ತುಂಬಿ ಬಂತು. ನನ್ನ ಹೆಗಲ ಮೇಲೆ ಕೈ ಇಟ್ಟರು. "ಮೇಷ್ಟ್ರೆ, ನಿಮ್ದು ದೊಡ್ಡ ಮನ್ಸು ಬುಡಿ. ಮಗಳು ಕಣ್ಮುಂದೆ ಇರ್ಲಿ ಅಂತ ತಪ್ಪ ನಿಮ್ಮ ಮ್ಯಾಲೆ ಆಕ್ಕೊತಾ ಇದೀರಿ."

"ಇಲ್ಲ, ನಿಜವಾಗಲೂ ನಾನೇ!"

"ಗಂಡಸು ಉಣ್ಣೆ ಎಣೀತಾನಾ? ಮೀಸೆ ಬುಟ್ಕೊಂಡು?"

"ಹೆಣೆಯುತ್ತಾನೆ! ಇದು ಕರಡಿ!"

ಶಿವಮ್ಮನವರು ಕುಂಡದ ಕಡೆ ಒಂದು ಸಲ ನೋಡಿ, ಗಂಡನಿಗೆ ಮೆಲ್ಲಗೆ ಹೇಳಿದರು: "ಮಾಟ ಇವ್ರ ತಲೆಗೇ ತಟ್ಬುಟ್ಟದೆ ಕಣ್ರಿ."

ಉಳಿದದ್ದು ಒಂದೇ ದಾರಿ, ಪ್ರಯೋಗ. ವಿಜ್ಞಾನದ ಮೇಷ್ಟ್ರಿಗೆ ಶೋಭಿಸುವ ಮಾರ್ಗ. ಟೋಪಿಯನ್ನು ಮಣ್ಣಿನಿಂದ ಎತ್ತಿ ಒದರಿಕೊಂಡು ಜಗಲಿಯಲ್ಲಿ ಕೂತೆ. ಶಿವಮ್ಮನವರು ಪೊರಕೆ ಹಿಡಿದು ನಾಲ್ಕು ಮಾರು ದೂರ ನಿಂತರು. ಅಷ್ಟರಲ್ಲಿ ಬೀದಿಯ ಏಳೆಂಟು ಜನ ಗೇಟಿನ ಹೊರಗೆ ಸೇರಿದ್ದರು. ನಾನು ಕಡ್ಡಿ ಹಿಡಿದೆ. ಮೊದಲ ಕುಣಿಕೆ ಜಾರಿತು. ಎರಡನೆಯದೂ ಜಾರಿತು. ಮೂರನೆಯದನ್ನು ಹಿಡಿಯಲು ಹೋದಾಗ ಒಂದು ಕಡ್ಡಿಯೇ ಕಳಚಿ ಬಿದ್ದು, ಉರುಳುತ್ತ ಹೋಗಿ ಶಿವಮ್ಮನವರ ಕಾಲ ಬಳಿ ನಿಂತಿತು. ಗೇಟಿನಾಚೆ ಇದ್ದವರೆಲ್ಲ ಒಟ್ಟಿಗೆ ಹಿಂದಕ್ಕೆ ನೆಗೆದರು!

"ನೋಡುದ್ರಾ, ಅದ್ಕೇ ಜೀವ ಬಂದದೆ!" ಎಂದು ಯಾರೋ ಕೂಗಿದರು.

ನಾನು ಅಳುವುದೊಂದು ಬಾಕಿ. ಆಗ ಆ ಗುಂಪನ್ನು ಸೀಳಿಕೊಂಡು, ಒಂದು ಕೈಯಲ್ಲಿ ಸೊಪ್ಪಿನ ಚೀಲ, ಇನ್ನೊಂದು ಕೈಯಲ್ಲಿ ಕೊಡೆ ಹಿಡಿದು ಗೌರಮ್ಮ ಬಂದಳು. ಬೀಗರನ್ನು ನೋಡಿದಳು. ಪೊರಕೆಯನ್ನು ನೋಡಿದಳು. ಕೊನೆಗೆ ನನ್ನ ಕೈ ನೋಡಿದಳು. ಸೊಪ್ಪಿನ ಚೀಲ ಕೆಳಗೆ ಬಿತ್ತು.

"ಟೋಪಿ ಹೆಣೀಬೇಡಿ ಅಂತ ಬಡ್ಕೊಂಡಿರ್ಲಿಲ್ವೇನ್ರಿ ನಾನು!"

ಮೂವತ್ತು ವರ್ಷದ ದಾಂಪತ್ಯದಲ್ಲಿ ಅವಳ ಬೈಗುಳ ನನಗೆ ಅಷ್ಟು ಹಿತವಾಗಿ ಎಂದೂ ಕೇಳಿಸಿರಲಿಲ್ಲ. ನಾನು ಎರಡೂ ಕೈ ಎತ್ತಿ, "ಕೇಳಿದ್ರಾ! ಕೇಳಿದ್ರಾ!" ಎಂದು ಬೀಗರ ಕಡೆ ತಿರುಗಿದೆ. ಸಂಶಯ ಪೂರ್ತಿ ಹೋಗಲೆಂದು ಗೌರಮ್ಮ ಒಳಗಿನಿಂದ ಮಿಕ್ಸಿಯನ್ನು ಸ್ವೆಟರ್ ಸಮೇತ ಎತ್ತಿ ತಂದು ತೋರಿಸಿದಳು. ಆ ತೋಳುಗಳನ್ನು ನೋಡಿದ ಮೇಲೆ ಪುಟ್ಟಮಾದಪ್ಪನವರು ಒಪ್ಪಿದರು. "ಊಂ, ಎಲ್ಡೂ ಒಂದೇ ಕೈ ಕೆಲ್ಸ." ಆಮೇಲೆ ಹೊಟ್ಟೆ ಹಿಡಿದು ನಕ್ಕರು. ಚಿಲಕ ತೆಗೆದಾಗ ಹೊರಗೆ ಬಂದ ಸೌಮ್ಯ ಅಳುತ್ತಲೇ ನಕ್ಕಳು. ಶಿವಮ್ಮನವರು ಮಾತ್ರ ನಗಲಿಲ್ಲ.

"ಮಾಟ ಅಲ್ದೇ ಓದ್ರೂ ತಪ್ಪು ತಪ್ಪೇ ಕಣ್ರಿ. ಉಟ್ಟೋಕ್ ಮುಂಚೆ ಮಾಡ್ಬಾರ್ದು. ಓದ್ದೋರು ನೀವೇ ಇಂಗ್ ಮಾಡುದ್ರೆ?"

ಸೊಸೆಯನ್ನು ಕರೆದುಕೊಂಡು ಹೋಗುವ ಮಾತು ಅಲ್ಲಿಗೆ ನಿಂತಿತು. ಆದರೆ ಶಿವಮ್ಮನವರ ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಅವರು ಹೊರಟ ಕೂಡಲೇ ಟೋಪಿಯನ್ನು ಕಣ್ಣು, ಕಿವಿ ಸಮೇತ ಬಿಚ್ಚಿ ಮತ್ತೆ ಉಂಡೆ ಮಾಡಿದೆ. ಬಿಚ್ಚಿದ್ದೂ ಅಪಶಕುನವೇನೋ ಎಂದು ಮರುದಿನ ಇನ್ನೊಂದು ಭಯ. ಐದೂ ಕಡ್ಡಿಯನ್ನು ಶಾಲೆಗೆ ಒಯ್ದು ಪ್ರಯೋಗಾಲಯದ ಬೀರುವಿಗೆ ಬೀಗ ಹಾಕಿಟ್ಟೆ. ಹೆರಿಗೆಯವರೆಗಿನ ಆರು ವಾರ ಸೌಮ್ಯ ಕೆಮ್ಮಿದರೆ ನನಗೆ ನಡುಕ, ಸೊಂಟ ನೋವು ಅಂದರೆ ನನ್ನ ಬಲಗೈ ಜೋಮು. ಆ ವರ್ಷ ತರಗತಿಯಲ್ಲಿ ನಿಂಬೆಹಣ್ಣಿನ ಪ್ರಯೋಗವನ್ನೂ ಮಾಡಲಿಲ್ಲ. ಗಂಟಲು ಸರಿಯಿಲ್ಲವೆಂದು ಮಕ್ಕಳಿಗೆ ಸುಳ್ಳು ಹೇಳಿದೆ.

ಹೆರಿಗೆಯ ದಿನ ಮಧ್ಯಾಹ್ನ ಆಸ್ಪತ್ರೆಯ ಬೆಂಚಿನ ಮೇಲೆ ನಾವು ನಾಲ್ವರು ಕೂತಿದ್ದೆವು. ನನ್ನಷ್ಟು ಹೆದರಿದವರು ಆ ಕಟ್ಟಡದಲ್ಲಿ ಇನ್ನೊಬ್ಬರಿರಲಿಲ್ಲ. ಮಾದಪ್ಪನಿಗೂ, ಬಿಳಿಗಿರಿರಂಗನಿಗೂ, ಕಡೆಗೆ ಆ ಕರಡಿಗೂ ಕೈ ಮುಗಿದೆ. ಒಳಗಿನಿಂದ ಕೂಸಿನ ಅಳು ಕೇಳಿಸಿತು. ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಕ್ಷೇಮ. ನಾನು ಗೋಡೆಗೆ ಒರಗಿ, ಯಾರಿಗೂ ನಾಚದೆ ಅತ್ತುಬಿಟ್ಟೆ.

ಸ್ವಲ್ಪ ಹೊತ್ತಿಗೆ ನರ್ಸ್ ಈಚೆ ಬಂದರು. "ಒಳಗೆ ಫ್ಯಾನು ಜೋರಾಗ್ ತಿರುಗ್ತದೆ, ಕೂಸಿನ ತಲೆ ತಣ್ಣಗಾಯ್ತದೆ. ಟೋಪಿ ತಂದಿದೀರಾ?"

ನಾನು ಹೆಮ್ಮೆಯಿಂದ, "ಇಲ್ಲಮ್ಮ, ನಮ್ಮಲ್ಲಿ ಮೊದಲೇ ತರುವ ಪದ್ಧತಿ ಇಲ್ಲ" ಎಂದೆ.

ಪಕ್ಕದಲ್ಲಿ ಚೀಲದ ಜಿಪ್ ಎಳೆದ ಸದ್ದಾಯಿತು. ಶಿವಮ್ಮನವರು ಗುಲಾಬಿ ಬಣ್ಣದ ಟೋಪಿಯೊಂದನ್ನು ಹೊರಗೆ ತೆಗೆದರು. ಅದೇ ಗಳಿಗೆಗೆ ಗೌರಮ್ಮ ತನ್ನ ಚೀಲದಿಂದ ಹಳದಿ ಟೋಪಿ ತೆಗೆದಳು. ಇಬ್ಬರೂ ಒಬ್ಬರ ಕೈ ಒಬ್ಬರು ನೋಡಿಕೊಂಡರು.

"ಯಾವಾಗ ತಕಂಡ್ರಿ?" ಎಂದರು ಶಿವಮ್ಮ.

"ಏಳನೇ ತಿಂಗಳಲ್ಲಿ. ನೀವು?"

"ಐದ್ರಲ್ಲೇ."

ನರ್ಸ್ ಎರಡೂ ಟೋಪಿ ಇಸಿದುಕೊಂಡು ನನ್ನ ಖಾಲಿ ಕೈ ನೋಡಿದರು. "ತಾತ ಏನೂ ತರ್ನಿಲ್ವಾ?"

ಶಿವಮ್ಮನವರೇ ನನ್ನ ಪರವಾಗಿ ಹೇಳಿದರು: "ಅವ್ರು ತರಕಿಲ್ಲ ಕಣವ್ವ. ಮೇಷ್ಟ್ರು, ಸಾಸ್ತ್ರ ಗೀಸ್ತ್ರ ಅಂತ ಬೋ ಎದ್ರುಕೋತಾರೆ."